ಕಾಡಿನಲ್ಲೇ ಉಳಿದ ಮುದುಕಿ

ಪುಷ್ಯದ ಇಬ್ಬನಿ ಆರುವುದರೊಳಗೆ ತೊಗರಿ ಕೊಯ್ದು ಮಲಗಿಸಬೇಕು. ಬಿಸಿಲೇರಿತೆಂದರೆ ಒಣಗಿದ ಕಾಯಿ ಸಿಡಿದು ಕಾಳು ನೆಲದ ಪಾಲಾಗುತ್ತದೆ. ಅದಕ್ಕೇ ಚಂದ್ರಂಪಳ್ಳಿ ಡ್ಯಾಮಿನ ಕಾಲುವೆ ಪಕ್ಕದ ನಾಮದೇವನ ಮೂರೆಕರೆಯಲ್ಲಿ ಮಸುಕು ಬೆಳಕಿಗೇ ಏಳು ಕುಡಗೋಲುಗಳು ಸಾಲು ಹಿಡಿದಿದ್ದವು. ಬುಡಕ್ಕೆ ಬಾಗಿ ಒಂದೇಟು, ಕೈ ತುಂಬಿದಷ್ಟನ್ನು ಹಿಂದಕ್ಕಿಡುವುದು, ಮತ್ತೆ ಒಂದೇಟು. ಸೀರೆಯ ಮೇಲೆ ತೊಟ್ಟ ಗಂಡಸರ ಅಂಗಿಗಳ ತೋಳು ಮೊಣಕೈವರೆಗೆ ತೊಯ್ದಿದ್ದವು.

ಇವರು ಕೂಲಿಗೆ ಬಂದವರಲ್ಲ, ಮುಯ್ಯಿಗೆ ಬಂದವರು. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಅದನ್ನು ಯಾರೂ ಬರೆದಿಡುವುದಿಲ್ಲ. ಮಧ್ಯಾಹ್ನ ಹೊಲದ ಮನೆಯ ಹೆಂಗಸು ಯಾರ ಕೈಗೆ ರೊಟ್ಟಿ ಇಡುತ್ತಾಳೋ ಅವರ ದಿನ ಹಿಡಿದಂತೆ. ಆ ದಿನವನ್ನು ಅವರ ಹೊಲದಲ್ಲಿ ದುಡಿದು ತೀರಿಸಲೇಬೇಕು. ರೊಟ್ಟಿ ಇಡದಿದ್ದರೆ ಆ ಮನುಷ್ಯ ಬಂದೇ ಇರಲಿಲ್ಲವೆಂದು ಅರ್ಥ.

ಎಂಟನೆಯ ಕುಡಗೋಲು ಕರೆಯದೆ ಬಂದಿತ್ತು. ದೇವಿಂದ್ರ ಕಾಲುವೆ ದಾಟಿ ಬಂದವನೇ ಯಾರ ಮುಖವನ್ನೂ ನೋಡದೆ ಕಟ್ಟಕಡೆಯ ಸಾಲಿಗೆ ಬಗ್ಗಿದ್ದ. ಹೆಂಗಸರು ಹಣಮವ್ವನ ಕಡೆ ನೋಡಿದರು. ಹೊಲದ ಒಡತಿ ಆಕೆ. ಹೋಗು ಅನ್ನಬೇಕಾದವಳೂ ಆಕೆಯೇ. ಆಕೆ ಮತ್ತೆ ತನ್ನ ಸಾಲಿಗೆ ಬಗ್ಗಿದಳು. ಬದುವಿನ ಮೇಲೆ ಕುಳಿತಿದ್ದ ಅವಳ ಗಂಡ ನಾಮದೇವ ಟವೆಲ್ಲನ್ನು ಬಲಗಡೆಯ ಮೊಂಡುಗೈ ಮೇಲೆ ಎಳೆದುಕೊಂಡ.

ನಾಲ್ಕು ವರ್ಷದ ಹಿಂದೆ ಕಾಳು ಒಕ್ಕುವ ರಾಶಿ ಮಷಿನ್ನಿಗೆ ಸಿಕ್ಕು ಹೋದ ಕೈ ಅದು. ಮಷಿನ್ ನಡೆಸುತ್ತಿದ್ದವನು ದೇವಿಂದ್ರ. ಕುಡಿದಿದ್ದ. ಸಿಕ್ಕಿಕೊಂಡ ಕಟ್ಟಿಗೆ ಬಿಡಿಸಲು ನಾಮದೇವ ಕೈ ಹಾಕಿದ್ದನ್ನು ನೋಡದೆ ಚಾಲೂ ಮಾಡಿದ. ಅಷ್ಟೇ ಆಗಿದ್ದರೆ ಊರು ಹಣೆಬರಹವೆಂದು ಸುಮ್ಮನಾಗುತ್ತಿತ್ತು. ಅವನು ಠಾಣೆಯಲ್ಲಿ, ಕುಡಿದವನು ನಾಮದೇವ ಎಂದು ಬರೆಸಿ, ಸಹಿ ಹಾಕಿ, ಹೈದರಾಬಾದಿಗೆ ಓಡಿಹೋದ. ಊರಿನ ಬುದ್ಧವಿಹಾರದಲ್ಲಿ ಭಾನುವಾರ ಎದ್ದು ನಿಂತು ಎಲ್ಲರಿಗೂ ಪಂಚಶೀಲ ಹೇಳಿಕೊಡುತ್ತಿದ್ದವನು ನಾಮದೇವ. ಮದ್ಯ ಮುಟ್ಟುವುದಿಲ್ಲವೆಂಬುದು ಅದರಲ್ಲಿ ಐದನೆಯದು. ಗಾಯ ಮಾಯ್ದು ವಿಹಾರಕ್ಕೆ ಹೋದ ಮೊದಲ ಭಾನುವಾರ, ಐದನೆಯದಕ್ಕೆ ಬಂದಾಗ ಹಿಂದೆ ಯಾರೋ ಕಿಸಕ್ಕೆಂದರು. ಅಂದಿನಿಂದ ಆತ ಅಲ್ಲಿಗೆ ಹೋಗಿಲ್ಲ.

ದೇವಿಂದ್ರ ದೀಪಾವಳಿಗೆ ತಿರುಗಿ ಬಂದಿದ್ದ. ಅವನ ಹೆಂಡತಿ ಚಂದ್ರಭಾಗಾ ಬಿತ್ತಿದ ಎರಡೆಕರೆ ತೊಗರಿ ಒಣಗಿ ಕಾಯಿ ಬಾಯಿ ಬಿಡಲು ಬಂದಿದ್ದರೂ ಒಬ್ಬರೂ ಮುಯ್ಯಿಗೆ ಹೋಗಿರಲಿಲ್ಲ. ಹಣಮವ್ವನ ಮನೆಯವರು ಹೋದರೆ ಉಳಿದವರೂ ಹೋಗಬಹುದಿತ್ತು. ಅವನ ತೊಗರಿ ಇವತ್ತಿನ ರೊಟ್ಟಿಯ ಮೇಲೆ ನಿಂತಿದೆಯೆಂದು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಾತಿಲ್ಲದ ಆ ಸಾಲಿನಲ್ಲಿ ಸುಂದರಬಾಯಿ ಕರುಣಾಳನ್ನು ಕೆದಕಿದಳು. ಕರುಣಾ ನಾಮದೇವನ ಮಗಳು, ಸೇಡಂನ ಶಾಲೆಯೊಂದರಲ್ಲಿ ಟೀಚರು, ಕೊಯ್ಲಿಗೆಂದು ರಜೆ ಹಾಕಿ ಬಂದವಳು. ಮೊಬೈಲಿನಲ್ಲಿ ಒಂದು ಮಾಯಾಲೋಕದ ಕತೆಯನ್ನು ವಾರವಾರ ಬರೆದು ಹಾಕುತ್ತಾಳೆ, ಓದುವವರು ಸಾವಿರಗಟ್ಟಲೆ. ಮೂರು ದಿನದಿಂದ ಅದನ್ನೇ ಇಲ್ಲಿ ಬಾಯಲ್ಲಿ ಹೇಳುತ್ತ ಬಂದಿದ್ದಳು. ಕೊನೆಯ ಕಂತನ್ನು ಬರೆದಿಟ್ಟಿದ್ದಳು, ಯಾರಿಗೂ ತೋರಿಸಿರಲಿಲ್ಲ.

"ಟೀಚರಮ್ಮಾ, ಆ ಭೈರಂಗನ ಕುತ್ತಿಗಿ ಇವತ್ತರ ಕೊಯ್ತಿಯೋ ಇಲ್ಲೋ? ಕುಡಗೋಲ ಬೇಕಾದ್ರ ನಂದು ಕೊಡ್ತೀನಿ," ಎಂದಳು ಸುಂದರಬಾಯಿ.

ಒಂದಿಬ್ಬರು ನಕ್ಕರು. ಕಡೆಯ ಸಾಲಿನ ಕುಡಗೋಲು ಮಾತ್ರ ಒಂದೇ ಸಮನೆ ಓಡುತ್ತಿತ್ತು.

ಕತೆಯ ಭೈರಂಗ ಗುಡ್ಡದ ಮೇಲಿನ ಒಂದು ಪಟ್ಟಣದ ಕಾವಲುಗಾರ. ಆ ಪಟ್ಟಣದವರು ರಾತ್ರಿ ಮಲಗುವಾಗ ತಮ್ಮ ನೆರಳುಗಳನ್ನು ಬಿಚ್ಚಿ ಒಂದು ಕೋಣೆಯಲ್ಲಿಡುತ್ತಾರೆ. ಭೈರಂಗ ಅವನ್ನೆಲ್ಲ ಒಬ್ಬ ರಾಕ್ಷಸಿಗೆ ಕೊಟ್ಟುಬಿಟ್ಟ. ಮರುದಿನ, ಕೋಣೆಗೆ ದೀಪ ಹಚ್ಚುವ ಮುದುಕಿಯೇ ಕದ್ದಳೆಂದು ಅವಳ ಕಡೆ ಬೆರಳು ತೋರಿಸಿದ. ಜನ ಅವಳನ್ನು ಹೊಡೆದು ಕಾಡಿಗಟ್ಟಿದರು. ನೆರಳಿಲ್ಲದವರಿಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದ ಪಟ್ಟಣಕ್ಕೆ ಹುಚ್ಚು ಹಿಡಿಯುತ್ತ ಬಂತು.

ಅಪ್ಪನ ಕೈ ಹೋದ ಮರುವರ್ಷ ಬರೆಯಲು ಕುಳಿತಾಗ ಕರುಣಾ ಭೈರಂಗನಿಗೆ ಹುಳ ಬಿದ್ದು ಸಾಯುವ ಸಾವನ್ನು ಎತ್ತಿಟ್ಟಿದ್ದಳು. ಆದರೆ ಕಂತು ಕಂತಿಗೆ ಅವನ ಮನಸ್ಸಿನೊಳಗೆ ಹೊಕ್ಕು ಬರೆಯುತ್ತ ಹೋದಂತೆ ಓದುಗರಿಗೆ ಅವನ ಮೇಲೇ ಮರುಕ ಹುಟ್ಟಿತು. ಅವನಿಗೊಂದು ಅವಕಾಶ ಕೊಡಿ, ಅವನೂ ಮನುಷ್ಯನೇ ಎಂದು ದಿನಾ ಬರೆಯುತ್ತಿದ್ದರು. ಅವಳೂ ಮಣಿದಿದ್ದಳು.

ಇವತ್ತು ದೇವಿಂದ್ರನಿಗೆ ಬೆನ್ನು ಮಾಡಿಕೊಂಡು, ಕೊಯ್ಯುತ್ತಲೇ, ಆ ಕೊನೆಯನ್ನು ಹೇಳಿದಳು. ರಾಕ್ಷಸಿ ಒಬ್ಬ ಹುಡುಗಿಯ ಮೇಲೆ ಉರಿಯುವ ಬಾಣ ಬಿಡುತ್ತಾಳೆ. ಭೈರಂಗ ಅಡ್ಡ ಬರುತ್ತಾನೆ. ಎದೆಗೆ ಬಾಣ ನೆಟ್ಟು ಅವನು ಬೀಳುವಾಗ ರಾಕ್ಷಸಿಯ ಕೈಯಿಂದ ಎಲ್ಲರ ನೆರಳುಗಳೂ ಹಕ್ಕಿಯ ಹಿಂಡಿನ ಹಾಗೆ ಬಿಡಿಸಿಕೊಂಡು ಹಾರಿ ಪಟ್ಟಣಕ್ಕೆ ಮರಳುತ್ತವೆ. ಹುಡುಗಿ ಅವನ ಕಣ್ಣು ಮುಚ್ಚುತ್ತಾಳೆ. ಜನ ಅವನಿಗೆ ಕಲ್ಲು ನಿಲ್ಲಿಸುತ್ತಾರೆ.

ಕುತ್ತಿಗೆ ಕೇಳಿದ್ದ ಸುಂದರಬಾಯಿಯೇ ಸೆರಗಿನಿಂದ ಮೂಗೊರಸಿಕೊಂಡು, ಹೋಗ್ಲಿ ಪಾಪ, ಅಂದಳು.

ಮುಯ್ಯಿಗೆ ಬಂದಿದ್ದವರಲ್ಲೆಲ್ಲ ಹಿರಿಯಳು ತಾಜುನ್ನಿಸಾ. ಆಕೆಗೆ ಸರಿಬರಲಿಲ್ಲ. "ಸತ್ತಾಂವ ಸುಖವಾಗಿ ಹ್ವಾದ ತಗೊ. ಮರುದಿನ ಎದ್ದು ಮಂದಿ ಮುಖ ನೋಡೋ ತ್ರಾಸ ಅವಗೆಲ್ಲದ?"

ಆಗ ಬದುವಿನಿಂದ ನಾಮದೇವ ಮಾತಾಡಿದ. ಮೂರು ದಿನದಲ್ಲಿ ಅವನು ಕತೆ ಕೇಳುತ್ತಿದ್ದಾನೆಂದು ಯಾರಿಗೂ ಅನಿಸಿರಲಿಲ್ಲ.

"ಕರುಣಾ, ಆ ಮುದುಕಿ ಏನಾದಳವ್ವಾ?"

ಕರುಣಾಳ ಕುಡಗೋಲು ನಿಂತಿತು. ಮುದುಕಿಯನ್ನು ಏಳನೆಯ ಕಂತಿನಲ್ಲಿ ಕಾಡಿಗೆ ಕಳಿಸಿದವಳು ಆಮೇಲೆ ಒಂದು ಸಾಲನ್ನೂ ಅವಳ ಬಗ್ಗೆ ಬರೆದಿರಲಿಲ್ಲ. ಓದುವ ಸಾವಿರಾರು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ.

"ಕಾಡಿನ್ಯಾಗ ಅದಾಳಪ್ಪಾ," ಎಂದಳು.

"ಕಳ್ಳಿ ಆಗೇ?"

ಅವಳು ಕೈಯಲ್ಲಿದ್ದ ತೊಗರಿಯನ್ನು ಹಿಂದಕ್ಕಿಟ್ಟಳು.

"ಅಂವ ಸಾಯೋದ್ರಾಗ ಒಂದ್ ಮಾತು ಹೇಳಿದ್ನೇನು, ಕದ್ದಾಕಿ ಅಕಿ ಅಲ್ಲಂತ?"

"ಇಲ್ಲಪ್ಪಾ. ಹೇಳಲಿಲ್ಲ."

ಕಡೆಯ ಸಾಲಿನಲ್ಲೂ ಈಗ ಸದ್ದಿರಲಿಲ್ಲ. ದೇವಿಂದ್ರ ಬಗ್ಗಿದಲ್ಲೇ ಒಂದು ಗಿಡವನ್ನು ಹಿಡಿದು ನಿಂತಿದ್ದ. ಅವನ ತುಟಿ ಅಲುಗಿತು.

"ಇತ್ಲಾಗ ಕೇಳಿಸಲಿಲ್ಲಪ್ಪಾ. ಜೋರಲೇ ಹೇಳು," ಎಂದಳು ತಾಜುನ್ನಿಸಾ.

ಅವನು ನೆಟ್ಟಗಾದ. "ಕುಡದಾಂವ ನಾ ಇದ್ದೆ. ನಾಮದೇವಣ್ಣ ಕುಡದಿದ್ದಿಲ್ಲ."

ಅವರಿಗೆಲ್ಲ ಗೊತ್ತಿದ್ದದ್ದೇ. ಹೇಳುವುದು ಇಷ್ಟು ಚಿಕ್ಕದಿತ್ತೆಂದು ಮಾತ್ರ ಗೊತ್ತಿರಲಿಲ್ಲ. ನಾಮದೇವ ಅವನ ಕಡೆ ತಿರುಗಲೇ ಇಲ್ಲ.

"ಇಲ್ಲಿ ಹೇಳಿದ್ರ ತೊಗರಿಗಿ ಕೇಳ್ತದ. ಠಾಣೆದಾಗ ಬರಸಿದ್ದು ಹಂಗೇ ಅದ. ಅಲ್ಲಿ ಹೋಗಿ ಬರಸು. ಬರಸಿದ ಕಾಗದದ ನಕಲು ತಂದು ಭಾನುವಾರ ವಿಹಾರದಾಗ ಮಂದಿ ಮುಂದ ಓದು."

"ಹಂಗ ಬರಸಿದ್ರ ನನ್ನ ಒಳಗ ಹಾಕ್ತಾರಣ್ಣಾ."

"ಹಾಕಬೌದು," ಎಂದ ನಾಮದೇವ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕರುಣಾಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಬಿಸಿಲು ನೆತ್ತಿಗೆ ಬಂತು. ಹಣಮವ್ವ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಒಬ್ಬೊಬ್ಬರಾಗಿ ಬಂದು ಕುಳಿತರು. ದೇವಿಂದ್ರ ಬಿಸಿಲಲ್ಲೇ ಕಟ್ಟಿದ ಸೂಡೊಂದರ ಪಕ್ಕ ಕುಳಿತಿದ್ದ; ಬರಬೇಕೋ ಹೋಗಬೇಕೋ ತಿಳಿಯದೆ ಚಪ್ಪಲಿಯ ಮುಳ್ಳು ಕೀಳುತ್ತಿದ್ದ. ಹಣಮವ್ವ ಎಲ್ಲರ ಕೈಗೂ ಎರಡೆರಡು ರೊಟ್ಟಿ ಇಟ್ಟಳು. ಕೊನೆಗೆ ಬುಟ್ಟಿಯಲ್ಲಿ ಉಳಿದದ್ದನ್ನು ನೋಡುತ್ತ ಸ್ವಲ್ಪ ಹೊತ್ತು ಕುಳಿತಳು. ಬೇಡ ಎಂದು ಕರುಣಾ ಮೆಲ್ಲಗೆ ಅಂದದ್ದು ಆಕೆಗೆ ಕೇಳಿಸಿರಬೇಕು. ಕೇಳಿಸದವಳ ಹಾಗೆ ಎದ್ದಳು. ಬಿಸಿಲಿಗೆ ಹೋಗಿ ರೊಟ್ಟಿ ಚಾಚಿದಳು.

ಅವನು ಎರಡೂ ಕೈ ಒಡ್ಡಿದ. "ವೈನಿ..."

"ಇದು ಇವತ್ತಿಂದು. ನಮ್ಮ ಕೂಡ ಸಾಲು ಹಿಡದು ದುಡದೀದಿ, ಅದಕ್ಕ. ಅವರ ಕೈಯಿಂದು ಬ್ಯಾರೆ. ಹೆಸರಿಂದು ಬ್ಯಾರೆ. ಅವನ್ನ ಇದರಾಗ ಕಲಸಬ್ಯಾಡ."

ನಾಮದೇವ ತನ್ನ ರೊಟ್ಟಿ ಎತ್ತಿಕೊಂಡು ಆಚೆ ಬದುವಿಗೆ ಹೋಗಿ ಒಬ್ಬನೇ ಉಂಡ. ಅಂದು ರಾತ್ರಿ ಮನೆಯಲ್ಲಿ ಗಂಡ ಹೆಂಡತಿ ಮಾತಾಡಲಿಲ್ಲ.

ದಿನ ಹಿಡಿದ ಮೇಲೆ ತೀರಿಸದೆ ಇರುವಂತಿಲ್ಲ. ಶುಕ್ರವಾರ ನಸುಕಿನಲ್ಲಿ ಹಣಮವ್ವ ಕುಡಗೋಲು ಹುಡುಕುತ್ತಿದ್ದಾಗ ಕರುಣಾ ಆಗಲೇ ಅದನ್ನು ಹಿಡಿದು ಹೊರಟಾಗಿತ್ತು. ಅವ್ವ ಹೋದರೆ ಅಪ್ಪ ಇನ್ನೂ ಎಷ್ಟು ದಿನ ಮಾತು ಬಿಡುತ್ತಾನೋ ಎಂಬ ಅಂಜಿಕೆ ಒಂದು. ಇನ್ನೊಂದು ಅವಳಿಗೇ ಸ್ಪಷ್ಟವಿರಲಿಲ್ಲ.

ದೇವಿಂದ್ರನ ಹೊಲಕ್ಕೆ ತಾಜುನ್ನಿಸಾ ಬಿಟ್ಟರೆ ಮತ್ತಾರೂ ಬಂದಿರಲಿಲ್ಲ. ಬೇರೆಯವರು ಅವನು ಠಾಣೆಗೆ ಹೋಗುತ್ತಾನೋ ಇಲ್ಲವೋ ನೋಡೋಣವೆಂದು ಕಾಯುತ್ತಿದ್ದರು. ಕಾಯಿಗಳು ಮುಟ್ಟಿದರೆ ಸಿಡಿಯುತ್ತಿದ್ದವು. ನಾಲ್ವರೂ ಉಸಿರು ಬಿಗಿಹಿಡಿದವರಂತೆ ಕೊಯ್ದರು. ಕತೆ ಯಾರೂ ಕೇಳಲಿಲ್ಲ. ಮಧ್ಯಾಹ್ನ ಚಂದ್ರಭಾಗಾ ರೊಟ್ಟಿ ಇಟ್ಟಳು, ಕರುಣಾ ಉಂಡಳು.

ಹೊತ್ತಿಳಿಯುವಾಗ ಒಂದೆಕರೆ ಬಯಲಾಗಿತ್ತು, ಒಂದೆಕರೆ ಇನ್ನೂ ನಿಂತಿತ್ತು. ಕರುಣಾ ಕೊನೆಯ ಸೂಡು ಕಟ್ಟಿ ಸೊಂಟ ನೆಟ್ಟಗೆ ಮಾಡಿದಳು.

"ಒಂದು ದಿನದ್ದು ತೀರಿತು ಕಾಕಾ. ನಾಳೆ ಚಿಂಚೋಳಿ ಠಾಣೆಗಿ ಎಂಟರ ಬಸ್ಸಿಗಿ ನಾನೂ ಬರ್ತೀನಿ."

ಅವನು ನಿಂತ ತೊಗರಿಯನ್ನು ನೋಡಿದ. "ನಾ ಅಲ್ಲೇ ಉಳಿದ್ರ ಇದು..." ಅಂದು ಅಷ್ಟಕ್ಕೇ ನಿಲ್ಲಿಸಿದ.

ಚಂದ್ರಭಾಗಾ ಅವನ ಕೈಯಿಂದ ಕುಡಗೋಲು ಇಸಿದುಕೊಂಡಳು.

"ಬಸ್ಸಿಗಿ ಇವ್ರು ಬಂದು ನಿಂದರತಾರ," ಎಂದಳು ಕರುಣಾಳಿಗೆ. "ಉಳದದ್ದು ನಾ ಕೊಯ್ತೀನಿ. ಉದುರಿದ್ರ ಉದರಲಿ."

ಇನ್ನೂ ಸ್ವಲ್ಪ ಬೆಳಕಿತ್ತು. ಚಂದ್ರಭಾಗಾ ಮುಂದಿನ ಸಾಲಿಗೆ ಬಗ್ಗಿದಳು. ದೇವಿಂದ್ರ ಬರಿಗೈಯಲ್ಲಿ ಅಲ್ಲೇ ನಿಂತಿದ್ದ. ಬರುತ್ತೇನೆಂದೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ.