ಗಿಳಿಯ ಕಣ್ಣು

ಭಾದ್ರಪದದ ಮಳೆ ಹಿಂದೆಗೆದಿತ್ತು. ಮಾಟುಂಗದ ಹಳೆಯ ಕನ್ನಡ ಸಂಘದ ಸಭಾಗೃಹದಲ್ಲಿ ಬೆಳಗಿನಿಂದ ಹಸಿ ಸುಣ್ಣದ ವಾಸನೆ. ಬಿದಿರಿನ ಅಟ್ಟಣಿಗೆಯ ಮೇಲೆ ಕೂತು ಅಣವೀರಪ್ಪ ರಂಗದ ಕಮಾನಿನ ಗಿಳಿಗೆ ಕೊರಳು ತಿದ್ದುತ್ತಿದ್ದ. ಕಮಾನಿನ ನಡುವೆ ಗಾರೆಯ ವೀಣೆ, ಆಚೆಗೊಂದು ಈಚೆಗೊಂದು ಗಿಳಿ. ಅಜ್ಜಂದಿರ ಕಾಲದ ಕೆಲಸ. ಸೋರಿದ ನೀರಿಗೆ ಬಲಗಡೆಯದರ ತಲೆ ಕಳಚಿ ಬಿದ್ದಿತ್ತು. ನವರಾತ್ರಿಗೆ ಇಲ್ಲಿ ನಾಟಕ.

ಮಧ್ಯಾಹ್ನಕ್ಕೆ ಕೊಕ್ಕು ಮೂಡಿತು. ಕಣ್ಣೊಂದು ಉಳಿಯಿತು. ಅಲ್ಲಿಗೆ ಅವನ ಕೈ ನಿಂತಿತು.

"ಯಾಕೋ, ಮುಗೀತಲ್ಲ?" ಕೆಳಗಿನಿಂದ ಸಂಘದ ಕಾರ್ಯದರ್ಶಿ ಕಾಶಿನಾಥ ಕೇಳಿದರು. ಬೆಳಗಾವಿಯವರು, ದಾದರಿನಲ್ಲಿ ಬಟ್ಟೆ ವ್ಯಾಪಾರ.

"ಕಣ್ಣ ಅದ ರೀ ಸಾಹೇಬ್ರ. ಅದು ನಮ್ಮ ಶೆಟ್ಟೆಪ್ಪ ಕಾಕಾನ ಕೈಲೆ ಆಗಬೇಕು. ನಮ್ಮನಿಯಾಕಿ ಶರಣವ್ವ ಕರಕೊಂಡು ಬರಲಿಕ್ಕೆ ಹೋಗ್ಯಾಳ."

"ಒಂದು ಚುಕ್ಕಿ ಇಡಲಿಕ್ಕೆ ಮುದುಕನ್ನ ಟ್ಯಾಕ್ಸಿ ಮಾಡಿ ತರಸ್ತಿ. ಕಮಾಲ್ ಅದ ನಿಂದು."

ಶೆಟ್ಟೆಪ್ಪನ ಕೈಕೆಳಗೆ ಪಳಗಿದವರು ಗೊಂಬೆ ಮಾಡಿದರೆ ಕಣ್ಣು ತೆರೆಯುವುದು ಅವನೇ. ಆದರೆ ಅಣವೀರಪ್ಪ ಗಾರೆ ಬಿಟ್ಟು ಪಿಒಪಿ ಪ್ಲಾಸ್ಟರಿನ ಕೆಲಸಕ್ಕೆ ಹೊರಳಿದ್ದ. "ಗಾರಿ ಕಲಸೂದು ಮುದುಕರ ಕೆಲಸ" ಎಂದು ನಾಲ್ಕು ಮಂದಿಯೆದುರು ಅಂದೂ ಬಿಟ್ಟಿದ್ದ. ಅಂದಿನಿಂದ ಶೆಟ್ಟೆಪ್ಪನಿಗೆ ಅವನೊಡನೆ ಮಾತಿಲ್ಲ. ಆಂಟಾಪ್ ಹಿಲ್‌ನ ಒಂದೇ ಚಾಳಿನಲ್ಲಿ ವಾಸ. ನಲ್ಲಿಯ ಬಳಿ ಎದುರಾದರೆ ಮುದುಕ ಕೊಡ ಬಿಟ್ಟು ಹಿಂದಿರುಗುತ್ತಿದ್ದ. ಸಂಜೆಯೊಳಗೆ ಗಾರೆ ಬಿಗಿಯುತ್ತದೆ. ಅವನು ಬರದಿದ್ದರೆ ಗಿಳಿ ಕುರುಡಾಗಿಯೇ ಉಳಿಯಬೇಕು.

ಬಿಸಿಲು ಕಿಟಕಿ ಬಿಟ್ಟು ಸರಿಯುವ ಹೊತ್ತಿಗೆ ಶರಣವ್ವನ ತೋಳು ಹಿಡಿದು ಶೆಟ್ಟೆಪ್ಪ ಒಳಗೆ ಬಂದ. ಹಣೆಗೆ ಕೈಯೊಡ್ಡಿ ಬಹಳ ಹೊತ್ತು ಮೇಲೆ ನೋಡಿದ.

"ಕೊರಳು ಬಿರುಸಾಗ್ಯದ. ಪಿಒಪಿ ತಿಂದು ಬೆಳದ ಗಿಳಿ."

"ಹೌದ್ರಿ ಕಾಕಾ."

"ಮುದುಕರ ಕೆಲಸಕ್ಕ ಇಷ್ಟು ಗಡಬಡಿ ಯಾಕೋ? ಮುದುಕ ಆಗೂತನಾ ತಡೀಬೇಕಿತ್ತು."

"ತಲಿ ನೆರತದಲ್ರಿ," ಎಂದು ಅಣವೀರಪ್ಪ ಕೆಳಗಿಳಿದು ಬೆನ್ನು ಬಾಗಿಸಿ ಕೂತ. ಶೆಟ್ಟೆಪ್ಪ ಶರಣವ್ವನ ಮುಖ ನೋಡಿದ. ಅವಳು ಸೆರಗಿನಲ್ಲಿ ನಗು ಒರೆಸಿಕೊಂಡು, "ಹತ್ರಿ ಮಾವಾ, ಹೊರೂ ಅಭ್ಯಾಸ ಅದ ಅವರಿಗೆ," ಅಂದಳು.

ಅವನ ಬೆನ್ನೇರಿ ಅಟ್ಟಣಿಗೆಯ ಮೇಲೆ ಹೋಗಿ ಕೂತ ಶೆಟ್ಟೆಪ್ಪ ಟೊಪ್ಪಿಗೆಯ ಮಡಿಕೆಯಿಂದ ಜಾಲಿಮುಳ್ಳು ತೆಗೆದ. ಕೈ ಅದುರುತ್ತಿತ್ತು. ಅಣವೀರಪ್ಪ ಮೊಣಕೈ ಹಿಡಿಯಲು ಹೋದ.

"ಬಿಡು."

ಬಿಟ್ಟ. ಮುಳ್ಳು ಗಾರೆಯ ಮೇಲೆ ತುಸು ಜಾರಿ ಒಂದು ಸುತ್ತು ತಿರುಗಿತು.

ಶೆಟ್ಟೆಪ್ಪ ಇಳಿದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತ. ಶರಣವ್ವ ಬಸಿಯಲ್ಲಿ ಚಹಾ ಸುರಿದುಕೊಟ್ಟಳು. ಕಾಶಿನಾಥ ಕನ್ನಡಕ ಏರಿಸಿ ದಿಟ್ಟಿಸಿದರು.

"ಅಲ್ಲೋ, ಎಡಗಡೀದು ವೀಣಾ ನೋಡ್ತದ, ಇದು ಕುರ್ಚಿ ನೋಡ್ಲಿಕತ್ತದ. ಒರಸಿ ಮತ್ತೊಂದು ತೆಗಿ."

ತುಟಿಗೆ ಹೊರಟಿದ್ದ ಬಸಿ ಅಲ್ಲೇ ನಿಂತಿತು.

ಅಣವೀರಪ್ಪ ಮೇಲೆ ಹತ್ತಿದ. ಗಿಳಿಯ ರೆಕ್ಕೆಯ ಅಂಚಿನಲ್ಲಿ ಹೆಬ್ಬೆರಳು ಒತ್ತಿ ನೋಡಿದ. ಬೆರಳು ಮೆತ್ತಗೆ ಒಳಗಿಳಿಯಿತು.

"ಆಗೂದಿಲ್ರಿ ಸಾಹೇಬ್ರ," ಅಂದ. "ಗಾರಿ ಬಿಗದುಬಿಟ್ಟದ."

ಕೆಳಗೆ ಚಹಾ ಹೀರಿದ ಸದ್ದಾಯಿತು. ಅವನು ಹೆಬ್ಬೆರಳಿಗಂಟಿದ ಹಸಿ ಸುಣ್ಣವನ್ನು ಧೋತರದ ಅಂಚಿಗೆ ಒರೆಸಿಕೊಂಡ.