ಮಕ್ಬೂಲ್ ಸಾಬರ ನೇರಳೆ

"ಆಧಾರ್ ಕಾರ್ಡ್ ಇಲ್ಲೇ ಇಟ್ಕಳವ್ವ. ನಾಳೆ ಬೆಳಿಗ್ಗೆನೇ ಬುಕ್ ತಂದ್ಕೊಟ್‌ಬುಡ್ತೀನಿ," ಎಂದು ಮುಕ್ತಿಯಾರ್ ಕಾರ್ಡನ್ನು ಕೌಂಟರಿನ ಮೇಲೆ ಇನ್ನಷ್ಟು ಮುಂದಕ್ಕೆ ತಳ್ಳಿದ.

ಲೈಬ್ರರಿಯ ರಮ್ಯಾ ಅದನ್ನು ಅಷ್ಟೇ ಮೆತ್ತಗೆ ಹಿಂದಕ್ಕೆ ಸರಿಸಿದಳು. "ಥೀಸಿಸ್ ಹೊರಗೆ ಕೊಡಲ್ಲ ಅಣ್ಣ. ಇಲ್ಲೇ ಕೂತು ಓದ್ಬೇಕು. ಬೇಕಾದ್ರೆ ಒಸಿ ಪುಟ ಜೆರಾಕ್ಸ್ ಮಾಡ್ಕೊಡ್ತೀವಿ. ಐದು ಗಂಟೆಗೆ ಬಾಗ್ಲು ಹಾಕ್ತೀವಿ."

ಕಾರ್ಡು ಅಡವಿಟ್ಟು ಒಯ್ಯುವ ಬಾಡಿಗೆ ಸೈಕಲ್ಲಿನ ನ್ಯಾಯ ಇಲ್ಲಿ ನಡೆಯದು ಎಂದು ಅವನಿಗೆ ಅರ್ಥವಾಯಿತು. ಐವತ್ತಮೂರು ವರ್ಷ ಚನ್ನಪಟ್ಟಣದಲ್ಲೇ ಕಳೆದವನು, ಬಸ್ಸಿಗೆ ಅರ್ಧ ಗಂಟೆಯ ದಾರಿಯಾದ ರಾಮನಗರದ ಈ ವಿಶ್ವವಿದ್ಯಾಲಯ ಕೇಂದ್ರದ ಲೈಬ್ರರಿಗೆ ಕಾಲಿಟ್ಟಿದ್ದು ಇವತ್ತೇ ಮೊದಲು. ಯಾರೂ ಹೇಳದಿದ್ದರೂ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ. ಓದುವ ಹುಡುಗರೆಲ್ಲ ಬೂಟು ಹಾಕಿಕೊಂಡೇ ಓಡಾಡುವುದನ್ನು ಕಂಡು ಈಗ ಬರಿಗಾಲು ಎಲ್ಲಿ ಮುಚ್ಚಿಡುವುದೆಂದು ತಿಳಿಯದೆ ಮೇಜಿನ ಕೆಳಗೆ ಎಳೆದುಕೊಂಡು ಕೂತ.

"ನಿಮ್ಮಪ್ಪನ ಕೆಲ್ಸದ ಮೇಲೆ ರಾಮನಗರದ ಲೈಬ್ರರೀಲಿ ಒಂದು ಥೀಸಿಸ್ಸೇ ಐತೆ ಕಣ್ರೀ, ಬಣ್ಣದ ಪಾಕನೆಲ್ಲ ಬರ್ದವ್ರೆ," ಎಂದು ಹೋದ ವಾರ ಗೊಂಬೆ ಕೊಳ್ಳಲು ಬಂದ ಜಯಕುಮಾರ್ ಮೇಷ್ಟ್ರು ಹೇಳಿದ್ದರು. ಅಂದಿನಿಂದ ಮುಕ್ತಿಯಾರನಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಅವನಿಗೆ ಬೇಕಿದ್ದುದು ಒಂದೇ ಒಂದು ಪಾಕ, ತಂದೆ ಮಕ್ಬೂಲ್ ಸಾಬರ ನೇರಳೆ. ಹಣ್ಣು ತಿಂದ ನಾಲಿಗೆಯ ಹಾಗೆ ಗಾಢವಾದ ಬಣ್ಣ ಅದು. ಕೂಸು ವರ್ಷವೆಲ್ಲ ಗಿಲಕಿ ಚೀಪಿದರೂ ಮರವನ್ನು ಬಿಡುತ್ತಿರಲಿಲ್ಲ. ಅವರು ತೀರಿಕೊಂಡು ಹನ್ನೊಂದು ವರ್ಷ. ಆ ಹನ್ನೊಂದು ವರ್ಷವೂ ಮುಕ್ತಿಯಾರ್ ಅರಗು ಕಾಯಿಸಿ, ಬಣ್ಣ ನಾದಿ ನೋಡಿದ್ದೇ ನೋಡಿದ್ದು. ಒಮ್ಮೆ ಬೂದಿಯಾಗುತ್ತಿತ್ತು, ಒಮ್ಮೆ ಕಂದು.

ಬದುಕಿದ್ದಾಗ ಕೇಳಬಹುದಿತ್ತಲ್ಲ ಎಂದು ಊರೆಲ್ಲ ಅನ್ನುತ್ತದೆ. ಅನ್ನುವವರಿಗೇನು ಹೋಗಬೇಕು! ಅಜ್ಜ ಆ ಪಾಕವನ್ನು ಅಬ್ಬಾನ ಕಿವಿಗೆ ಹಾಕಿದ್ದು ಸಾಯುವ ಹಾಸಿಗೆಯಲ್ಲಿ. ಹಾಗಿರುವಾಗ ಮಗನಾದವನು ಬಾಯಿ ಬಿಟ್ಟು ಕೇಳಿದರೆ, ನೀವು ಯಾವಾಗ ಹೊರಡುತ್ತೀರಿ ಎಂದು ಕೇಳಿದಂತೆಯೇ. ಹೊತ್ತು ಬಂದಾಗ ಅವರೇ ಹೇಳುತ್ತಾರೆಂದು ಮುಕ್ತಿಯಾರ್ ತುಟಿ ಹೊಲಿದುಕೊಂಡು ಕೂತ. ಹೊತ್ತಿಗೆ ಮೊದಲು ಲಕ್ವಾ ಬಂತು. ನಾಲಿಗೆ ಬಿದ್ದುಹೋಗಿ ಮೂರು ತಿಂಗಳು ಅಬ್ಬಾ ಬರೀ ಅವನ ಮುಖ ನೋಡುತ್ತಿದ್ದರು.

ರಮ್ಯಾ ಒಳಗಿನ ಬೀರುವಿನಿಂದ ನೀಲಿ ರಟ್ಟಿನ ದಪ್ಪ ಪುಸ್ತಕ ತಂದು, ದೂಳು ಒರೆಸಿ ಇಟ್ಟಳು. ಅವನು ಅದನ್ನು ಮುಟ್ಟದೆ ಹಾಗೇ ಕೂತ.

"ನಾನು ಓದಿದ್ದು ಉರ್ದು ಸ್ಕೂಲು ಕಣವ್ವ. ಬಸ್ಸಿನ ಬೋರ್ಡ್ ಓದ್ತೀನಿ. ಇಷ್ಟು ದಪ್ಪದ್ದು..."

ಅವಳು ಕೌಂಟರಿನ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತು ಓದತೊಡಗಿದಳು. ಅರಿಸಿನದಿಂದ ಹಳದಿ. ಕುಂಕುಮದಿಂದ ಕೆಂಪು. ನೀಲಿ, ಹಸಿರು.

"ಅವೆಲ್ಲ ಗೊತ್ತು. ಮುಂದಕ್ ಹೋಗವ್ವ."

ಮುಂದಿನ ಪುಟದಲ್ಲಿ ರೂಪಾಯಿ ಬಿಲ್ಲೆಯಷ್ಟಗಲದ ಮರದ ತುಣುಕೊಂದನ್ನು ಅಂಟಿಸಿದ್ದರು. ನೇರಳೆ! ಒಂಚೂರೂ ಮಾಸಿರಲಿಲ್ಲ. ಮುಕ್ತಿಯಾರ್ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡ. ಅಂಚನ್ನು ಹೀಗೆ ಎಡಗೈಯಲ್ಲಿ ತಿರುವಿ ನಯಮಾಡುತ್ತಿದ್ದುದು ಅಬ್ಬಾ ಒಬ್ಬರೇ.

"ಓದವ್ವ, ಎಷ್ಟೆಷ್ಟು ಹಾಕ್ಬೇಕಂತೆ?"

ರಮ್ಯಾಳ ಕಣ್ಣು ಆಗಲೇ ಸಾಲಿನ ಕೊನೆ ಮುಟ್ಟಿತ್ತು. ಅವನು ಮತ್ತೊಮ್ಮೆ ಕೇಳಿದ ಮೇಲೆ ಸಣ್ಣ ದನಿಯಲ್ಲಿ ಓದಿದಳು.

"ಈ ಬಣ್ಣದ ಪಾಕವನ್ನು ತಿಳಿಸಲು ಮಕ್ಬೂಲ್ ಸಾಬರು ಒಪ್ಪಲಿಲ್ಲ. ಅವರ ಮಾತು ಹೀಗಿದೆ: 'ಇದು ನನ್ ಮಗಂದು. ಕೇಳ್ದೋರಿಗೇ ಹೇಳ್ಬೇಕು, ಕೇಳ್ದೆ ಹೇಳಿದ್ ಬಣ್ಣ ಕೈಗೆ ಹತ್ತಲ್ಲ. ನಮ್ಮಪ್ಪ ಸಾಯೋವಾಗ ನಾನೇ ಅತ್ಕೊಂಡು ಕೇಳ್ದೆ. ಇವ್ನಿಗೆ ನಾಚ್ಕೆ ಜಾಸ್ತಿ. ಇವತ್ತಲ್ಲ ನಾಳೆ ಕೇಳ್ತಾನೆ. ಕಾಯ್ತಾ ಇವ್ನಿ.'"

ಫ್ಯಾನು ತಿರುಗುತ್ತಿತ್ತು.

"ಇದು ಬರ್ದು ಎಷ್ಟ್ ವರ್ಷ ಆಯ್ತವ್ವ?"

"ಇಪ್ಪತ್ತು ಅಣ್ಣ."

ಮುಕ್ತಿಯಾರ್ ಬೆರಳು ಮಡಚಿ ಎಣಿಸಿದ. ಆಮೇಲೂ ಒಂಬತ್ತು ವರ್ಷ ಅಬ್ಬಾ ಬದುಕಿದ್ದರು. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು ಗೊಂಬೆ ಕಡೆದಿದ್ದರು. ಒಂದೇ ಲೋಟದ ಚಹಾ ಹಂಚಿಕೊಂಡಿದ್ದರು. ದಿನಕ್ಕೆ ಹತ್ತು ಸಲ ಅಬ್ಬಾ ಕೆಲಸ ನಿಲ್ಲಿಸಿ, "ಏನ್ಲಾ?" ಎನ್ನುತ್ತಿದ್ದರು. ಇವನು "ಏನಿಲ್ಲ ಅಬ್ಬಾ," ಎನ್ನುತ್ತಿದ್ದ.

"ಫೋಟೋ ತಕ್ಕಳಿ ಅಣ್ಣ, ಯಾರೂ ಏನೂ ಅನ್ನಲ್ಲ," ಎಂದಳು ರಮ್ಯಾ.

ಅವನು ಬೇಡವೆಂದು ತಲೆಯಾಡಿಸಿದ. ಅವಳು ಎದ್ದು ಹೋಗಿ ಕಿಟಕಿಗಳನ್ನು ಹಾಕತೊಡಗಿದಳು. ಐದಕ್ಕೆ ಇನ್ನು ಹತ್ತು ನಿಮಿಷವಿತ್ತು. ಮುಕ್ತಿಯಾರ್ ಸುತ್ತ ನೋಡಿದ. ಹತ್ತಿರ ಯಾರೂ ಇಲ್ಲವೆಂದು ಖಾತರಿಯಾದ ಮೇಲೆ ಪುಟದ ಹತ್ತಿರ ಬಗ್ಗಿ, ಆ ಬಿಲ್ಲೆಯ ಮೇಲೆ ಹೆಬ್ಬೆರಳಿಟ್ಟ.

"ಅಬ್ಬಾ," ಎಂದ, ನಾಚಿಕೊಂಡೇ. "ಆ ನೇರಳೆ ಹೆಂಗ್ ಮಾಡಾದು?"

ಸಾಲಾಗಿ ದೀಪ ಆರಿಸುತ್ತ ಬಂದ ರಮ್ಯಾ ಅವನ ಮೇಜಿನ ಮೇಲಿನ ದೀಪದ ಸ್ವಿಚ್ಚಿಗೆ ಕೈ ಹಾಕಿ, ಹಾಗೆಯೇ ನಿಂತಳು. ಅವನು ಕಿವಿಯನ್ನು ಪುಟದ ಕಡೆ ತುಸು ವಾಲಿಸಿ ಕೂತಿದ್ದ.