ಮೈಗೂಡಿದ ಜ್ವರ

"ಹೆಂಡ್ತಿ ಅಂದ್ರ ಏನ್ ತಿಳಕೊಂಡಿಯೋ? ನಿನ್ನ ಫೌಂಡ್ರಿ ಎರಕಾನ? ಕಾದದ್ದು ತಾನ ಆರತೈತಿ ಅಂತ ಐದ್ ದಿನಾ ಬಿಟ್ಟಿಯಲ್ಲ."

ಖಾನಾಪುರದ ಆಸ್ಪತ್ರೆಯಲ್ಲಿ ಸಾಲಾಗಿ ಕುಳಿತಿದ್ದ ಬಸುರಿಯರೆಲ್ಲ ತಿರುಗಿ ನೋಡಿದರು. ಒಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಬೆಳಗಾವಿಯಿಂದ ಮೈಮೇಲಿನ ಫೌಂಡ್ರಿಯ ಕರಿಮಣ್ಣೂ ತೊಳೆಯದೆ ಬೈಕ್ ಹತ್ತಿ ಬಂದಿದ್ದ ಸೊಹೈಲನ ಕಿವಿ ಕಾದವು. ಈ ನರ್ಸ್ ಗೌರವ್ವ ಗಂಡಸಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದ. ಹಿಡಿದು ಏನು ಹೇಳುತ್ತಿದ್ದ?

ಚೊಚ್ಚಲ ಹೆರಿಗೆಗೆಂದು ಹೆಂಡತಿ ತರನ್ನುಮ ಏಳು ತಿಂಗಳಿಗೇ ಕಣಕುಂಬಿಯ ತವರಿಗೆ ಹೋಗಿದ್ದಳು. ಐದು ದಿನದ ಹಿಂದೆ ಫೋನಿನಲ್ಲಿ, "ಮೈ ನಡಗಾಕತ್ತೈತ್ರಿ" ಎಂದಿದ್ದಳು. "ನಿನಗ ಚಳಿಜ್ವರ ಮೈಗೂಡೈತಲ್ಲ" ಎಂದು ನಕ್ಕು ಫೋನಿಟ್ಟವನು ಇವನೇ. ಮಾವ ಬುಡನಸಾಬ ಮದುವೆ ಮಾತುಕತೆಯಲ್ಲೇ ಹೇಳಿದ್ದ: "ನಮ್ಮ ಹುಡುಗಿ ಅಡವ್ಯಾಗ ಬೆಳದಾಕಿ. ಹತ್ತ ಸಲ ಚಳಿಜ್ವರ ಬಂದು ಹೋಗೇತಿ. ಇನ್ನ ಅದು ಆಕಿಗೆ ಏನೂ ಮಾಡಂಗಿಲ್ಲ." ಇವತ್ತು ಮಗಳು ಎದ್ದು ನಿಲ್ಲಲಾರದಾದಾಗ ಆತನೇ ಟೆಂಪೊದಲ್ಲಿ ಮಲಗಿಸಿ ತಂದಿದ್ದ.

"ಆಕಿಗೆ ಅದು ಮೈಗೂಡಿರತೈತ್ರಿ, ಸಿಸ್ಟರ್," ಎಂದ ಸೊಹೈಲ.

ಗೌರವ್ವ ತರನ್ನುಮಳ ರಕ್ತ ತೆಗೆಯುತ್ತಲೇ ಮಾತಾಡಿದಳು. ದನಿ ಇಳಿದಿತ್ತು, ಅದೇ ಹೆಚ್ಚು ಹೆದರಿಸಿತು.

"ಆಕಿಗೆ ಮೈಗೂಡಿರಬಹುದಪಾ. ಕೂಸಿಗೆ ಊಟ ಮುಟ್ಟಸೋ ಮಾಸು ಹೊಸಾದು. ಇದ ಮೊದಲನೇದ್ದು. ಅದಕ್ಕೆಲ್ಲಿ ಮೈಗೂಡಿರತೈತಿ? ಮಲೇರಿಯಾ ಹೋಗಿ ಅಲ್ಲೇ ಅಡಗಿ ಕುಂದರತೈತಿ."

ತರನ್ನುಮ ಅವನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. "ಮುಂಜಾನಿಂದ ಮಿಸುಕಾಡಿಲ್ಲ. ನೀವರ ನೋಡ್ರಿ."

ಎರಕದ ಬಿಸಿಗೆ ಸುಟ್ಟು ಗಟ್ಟಿಯಾದ ಅಂಗೈ. ಕಾವೊಂದು ಬಿಟ್ಟರೆ ಅದಕ್ಕೇನೂ ತಿಳಿಯಲಿಲ್ಲ.

ಗೌರವ್ವ ಹೊಟ್ಟೆಗೆ ಯಂತ್ರ ಹಚ್ಚಿ ಬಹಳ ಹೊತ್ತು ಕಿವಿಗೊಟ್ಟಳು. "ಬಡಿತ ಐತಿ. ಭಾಳ ಓಡಾಕತ್ತೈತಿ. ಡಾಕ್ಟರ್ ಬರಾಕತ್ತಾರ. ನೀ ಈ ರಕ್ತದ ಸೀಸೆ ಲ್ಯಾಬಿಗೆ ಕೊಡು, ನಡಿ."

ಹೊರಗೆ ಬುಡನಸಾಬ ಬೆಂಚಿನಿಂದ ಎದ್ದ.

"ಏನಂದ್ರು? ಆಕಿಗೆ ಅದು ಮೈಗೂಡೈತಿ ಅಂತ ಹೇಳಿದಿ ಇಲ್ಲೋ? ಏನೂ ಆಗಂಗಿಲ್ಲ. ಅಲ್ಲೇನಪಾ?"

ಸೊಹೈಲನ ಮುಷ್ಟಿ ಬಿಗಿಯಿತು. ಅದರೊಳಗೆ ರಕ್ತದ ಸೀಸೆ ಇದೆಯೆಂದು ನೆನಪಾಗಿ ಬೆರಳು ಸಡಿಲಿಸಿದ. ಅದಿನ್ನೂ ಬೆಚ್ಚಗಿತ್ತು. ಅದು ಆರುವುದರೊಳಗೆ ಮುಟ್ಟಿಸಬೇಕೆಂಬಂತೆ, ಅಂಗಳ ದಾಟಿ ಲ್ಯಾಬಿನ ಕಡೆ ನಡೆದ.